ಘಟ್ಟದ ಮೇಲಿನ ಮಾತು, ಘಟ್ಟದ ಕೆಳಗಿನ ಮಾತು

ಶಿರಸಿ

ಪ್ರೀತಿಯ ತಂಗೀ,

ನಮ್ಮ ಪರಿಸರ ಸಂಸ್ಥೆಯ ಉತ್ತರ ಕನ್ನಡ ಘಟಕಕ್ಕೆ ನಿನ್ನನ್ನೇ ಸಂಚಾಲಕಿಯಾಗಿ ಆರಿಸಿದರೆಂದು ಕೇಳಿ ತುಂಬ ಸಂತೋಷವಾಯಿತು. "ಜೋಯಿಡಾದಿಂದ ಭಟ್ಕಳದವರೆಗಿನ ಜಿಲ್ಲೆ, ನನ್ನಿಂದ ಆಗ್ತದಾ ಅಕ್ಕೋರೇ?" ಎಂದು ನೀನು ಫೋನಿನಲ್ಲಿ ಕೇಳಿದೆ. ಮನೆಯಲ್ಲಿ ನೆಂಟರಿದ್ದರು, ಧೈರ್ಯದ ಎರಡು ಮಾತು ಹೇಳಿ ಇಟ್ಟುಬಿಟ್ಟೆ. ನಿನ್ನ ಪ್ರಶ್ನೆಗೆ ಅಷ್ಟು ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ಆಗುತ್ತದೆ ತಂಗೀ, ಖಂಡಿತ ಆಗುತ್ತದೆ. ಆದರೆ ಆಗಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೋ. ಬೆಂಗಳೂರಿನ ಕೇಂದ್ರ ಕಚೇರಿಯಿಂದ ವರ್ಷದ ಕಾರ್ಯಸೂಚಿ ಬರುತ್ತದೆ. ಇಷ್ಟು ಗಿಡ ನೆಡಿಸಿ, ಇಷ್ಟು ಶಾಲೆಗಳಲ್ಲಿ ಕಾರ್ಯಕ್ರಮ ಮಾಡಿ, ಜೂನ್ 5ರ ಪರಿಸರ ದಿನದ ಫೋಟೊ ಕಳಿಸಿ ಎಂದಿರುತ್ತದೆ. ಅದನ್ನೂ ಮಾಡು. ಆದರೆ ಜಿಲ್ಲಾ ಘಟಕಕ್ಕೆ ಬೆಲೆ ಬರುವುದು ಊರಿನವರಿಗೆ ಗೊತ್ತಿರುವುದು ಊರಿನವರ ಬಾಯಿಂದಲೇ ಮೇಲಕ್ಕೆ ತಲುಪಿದಾಗ. ನಿಲುವು ಬೆಂಗಳೂರಿನಿಂದ ಮೊದಲೇ ಬಂದುಬಿಟ್ಟು, ಆಮೇಲೆ ಅದಕ್ಕೆ ಸಹಿ ಹಾಕುವವರನ್ನು ಊರಿನಲ್ಲಿ ಹುಡುಕುವಂತಾದರೆ ಆ ಘಟಕ ಬಹಳ ದಿನ ಬಾಳುವುದಿಲ್ಲ.

ನಮ್ಮ ಜಿಲ್ಲೆಯಲ್ಲೂ ನೆರೆಯಲ್ಲೂ ಗೆದ್ದ ಹೋರಾಟಗಳನ್ನು ನೋಡು. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ನೀನು ಹುಟ್ಟಿರಲಿಲ್ಲ. ಅಡಿಕೆ ತೋಟದವರು ಬೀದಿಗಿಳಿದರು ಎಂದಷ್ಟೇ ಈಗ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕೆಲಸವೊಂದು ಆಗ ನಡೆದಿತ್ತು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಅಡಿಕೆ ವ್ಯಾಪಾರಕ್ಕೆಂದು ಹುಟ್ಟಿದ ರೈತರ ಸಹಕಾರಿ ಸಂಘ, 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಕರೆಸಿ ವಿಚಾರ ಸಂಕಿರಣ ಮಾಡಿತು. ಮುಳುಗುವ ತೋಟ, ಗದ್ದೆ, ಕಾಡಿನ ಬೆಲೆಯನ್ನು ಲೆಕ್ಕ ಹಾಕಿ, ಯೋಜನೆಯಿಂದ ಬರುವ ಲಾಭದ ಎದುರು ಇಟ್ಟು ತೋರಿಸಿದರು. ಆ ಲೆಕ್ಕದ ಮುಂದೆ ಸರ್ಕಾರದ ಲೆಕ್ಕ ನಿಲ್ಲಲಿಲ್ಲ, ಯೋಜನೆ ಬದಿಗೆ ಸರಿಯಿತು. ಮಾಹಿತಿ ಎಲ್ಲ ಊರಿನದು. ವಿಜ್ಞಾನಿಗಳು ಅದನ್ನು ಸರ್ಕಾರಕ್ಕೆ ಅರ್ಥವಾಗುವ ಭಾಷೆಗೆ ತಂದುಕೊಟ್ಟರು. ಇವತ್ತು ಅದೇ ನದಿಯ ನೀರನ್ನು ವರದೆಗೆ ತಿರುಗಿಸುವ ಮಾತು ನಡೆದಿದೆ. ಆ ಹಳೆಯ ಕಾಗದಪತ್ರಗಳನ್ನು ಒಮ್ಮೆ ಕೂತು ಓದು.

ಅಪ್ಪಿಕೋ ಚಳವಳಿ ಕೂಡ ಹಾಗೆಯೇ ಹುಟ್ಟಿದ್ದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ಜನ ಮರ ತಬ್ಬಿ ನಿಂತರು. ಸುಂದರಲಾಲ ಬಹುಗುಣರು ಅದೇ ವರ್ಷ ಬಂದು ಚಿಪ್ಕೊ ಬಗ್ಗೆ ಮಾತಾಡಿ ಹೋಗಿದ್ದರು, ಪಾಂಡುರಂಗ ಹೆಗಡೆಯವರು ಚಳವಳಿಯನ್ನು ಊರೂರಿಗೆ ಒಯ್ದರು. ಇವೆರಡೂ ನಿಜ. ಆದರೆ ಮರ ಕಡಿತ ಎಲ್ಲಿ, ಎಷ್ಟು, ಹೇಗೆ ನಡೆದಿದೆ ಎಂದು ಲೆಕ್ಕ ಇಟ್ಟವರು, ಅರಣ್ಯ ಇಲಾಖೆಗೆ ಮೊದಲೇ ಬರೆದುಕೊಂಡವರು ಅಲ್ಲಿಯ ಯುವಕ ಮಂಡಳಿಯ ಹುಡುಗರು. ಕುಸನೂರಿನದು ಇನ್ನೊಂದು ಬಗೆ. ನೆರೆಯ ಹಾನಗಲ್ ತಾಲ್ಲೂಕಿನ ಆ ಊರಿನಲ್ಲಿ 1987ರ ನವೆಂಬರ್ 14ರಂದು ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಕಾಗದದ ತಿರುಳಿಗೆ ನೀಲಗಿರಿ ಬೆಳೆಸಲೆಂದು ಜಂಟಿ ಕಂಪನಿಯೊಂದಕ್ಕೆ ಕೊಡುವುದರ ವಿರುದ್ಧ ಅದು ನಡೆದದ್ದು. ಒಂದು ಕಡೆ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಇನ್ನೊಂದು ಕಡೆ ದನ ಮೇಯಿಸುವ ಜಾಗ ಕಳೆದುಕೊಳ್ಳಲಿದ್ದ ಹಳ್ಳಿಗಳವರು ಹೊಲದಲ್ಲಿ ನಿಂತರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಅದು ಆಗುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಈಗ ನಿನ್ನ ಮುಂದಿರುವ ಕೆಲಸಕ್ಕೆ ಬರುತ್ತೇನೆ. ಶರಾವತಿ ಕಣಿವೆಯಲ್ಲಿ ತಲಕಳಲೆಗೂ ಗೇರುಸೊಪ್ಪೆಗೂ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯ ನಿನಗೆ ಗೊತ್ತೇ ಇದೆ. ಸಿಂಗಳೀಕಗಳ ಕಾಡು ಅದು. ಇಂಥ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ಸಭೆ ನಡೆಯುತ್ತದೆ. ಜಿಲ್ಲಾ ಘಟಕದ ಯೋಗ್ಯತೆ ಗೊತ್ತಾಗುವುದು ಆ ದಿನ. ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗಳಲ್ಲಿ ಜನರಿಗೆ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಪ್ರಕಟಣೆ ಬಂದ ದಿನವೇ ಹೋಗಿ ಕೇಳು. ಸಿಗದಿದ್ದರೆ ಸಿಗಲಿಲ್ಲವೆಂದು ಬರೆದುಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೋ. ಆ ಒಂದು ಮುದ್ರೆ ಮುಂದೆ ಹಸಿರು ನ್ಯಾಯಮಂಡಳಿಯಲ್ಲಿ ದೊಡ್ಡ ಸಾಕ್ಷಿಯಾಗುತ್ತದೆ. ಇನ್ನುಳಿದ ದಿನಗಳಲ್ಲಿ ಕಣಿವೆಯ ಪ್ರತಿ ಕೇರಿಯಲ್ಲೂ ಕೂತು ಆ ಸಾರಾಂಶವನ್ನು ಓದಿ ಹೇಳಿ. ವರದಿಯಲ್ಲಿ "ಇಲ್ಲಿ ನೀರಿನ ಮೂಲಗಳಿಲ್ಲ" ಎಂದಿದ್ದರೆ ಒರತೆ ತೋರಿಸುವವರು ಅಲ್ಲಿಯೇ ಏಳುತ್ತಾರೆ. ಗುಡ್ಡ ಗಟ್ಟಿಯಾಗಿದೆ ಎಂದಿದ್ದರೆ ಯಾವ ಮಳೆಗಾಲದಲ್ಲಿ ಎಲ್ಲಿ ಬಿರುಕು ಬಿಟ್ಟಿತು, ಯಾವ ಹಳ್ಳದ ನೀರು ಒಮ್ಮೆಲೇ ಕೆಂಪಾಯಿತು ಎಂದು ಅವರೇ ಹೇಳುತ್ತಾರೆ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಏನಾಯಿತು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಹೇಗೆ ಬಿತ್ತು ಎಂಬುದನ್ನು ಕಂಡ ಜಿಲ್ಲೆ ಇದು. ಇಳಿಜಾರಿನ ವಿಷಯದಲ್ಲಿ ಇಲ್ಲಿಯ ಜನರ ಮಾತನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ.

ಸಭೆಯ ದಿನ ನೀನು ಮಾತಾಡಬೇಕೆಂದಿಲ್ಲ. ಮಾತಾಡಿದರೂ ಕೊನೆಗೆ ಮಾತಾಡು. ನೀನು ಅರ್ಧ ಗಂಟೆ ಇಂಗ್ಲಿಷ್ ವರದಿಗಳನ್ನು ಉದ್ಧರಿಸಿ ಹೇಳುವುದಕ್ಕಿಂತ ಹತ್ತು ಜನ ತಮಗೆ ಚೆನ್ನಾಗಿ ಗೊತ್ತಿರುವ ಒಂದೊಂದೇ ಸಂಗತಿ ಹೇಳಿ ಕೂತರೆ ಅದರ ತೂಕ ಬೇರೆ. ಎಲ್ಲವೂ ವಿಡಿಯೊ ಆಗುತ್ತದೆ. ಜಿಲ್ಲಾಧಿಕಾರಿಯೋ ಅಪರ ಜಿಲ್ಲಾಧಿಕಾರಿಯೋ ಅಧ್ಯಕ್ಷತೆ ವಹಿಸಿರುತ್ತಾರೆ. ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ. ಸಭೆಯ ಕೊನೆಗೆ ವ್ಯಕ್ತವಾದ ಅಭಿಪ್ರಾಯಗಳ ಸಾರವನ್ನು ಕನ್ನಡದಲ್ಲಿ ಓದಿ ಹೇಳಿ, ಅದೇ ದಿನ ನಡಾವಳಿಗೆ ಸಹಿಯಾಗಬೇಕು. ನಮ್ಮವರು ಊಟದ ಹೊತ್ತಾಯಿತು, ಕಡೇ ಬಸ್ಸು ತಪ್ಪುತ್ತದೆ ಎಂದು ಅದಕ್ಕೆ ಮೊದಲೇ ಎದ್ದು ಹೋಗುತ್ತಾರೆ. ಅಂದು ವಾಪಸು ಹೋಗುವ ಗಾಡಿಯ ವ್ಯವಸ್ಥೆ ಘಟಕವೇ ಮಾಡಲಿ. ಓದಿದ್ದರಲ್ಲಿ ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸುವಂತೆ ಕೇಳಿ. ಪರಿಸರ ಅನುಮತಿ ಸಿಕ್ಕಿಬಿಟ್ಟರೆ ಮೇಲ್ಮನವಿಗೆ 30 ದಿನ. ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು. ಚೆನ್ನೈನ ಹಸಿರು ನ್ಯಾಯಮಂಡಳಿಯ ಬಾಗಿಲಿಗೆ ಹೋಗುವಾಗ ಕೈಯಲ್ಲಿರಬೇಕಾದದ್ದು ಈ ಕಾಗದಗಳೇ.

ಇದೆಲ್ಲ ಹೋರಾಟದ ದಿನಗಳ ಮಾತು. ವರ್ಷದ ಉಳಿದ ದಿನಗಳಲ್ಲಿ ಮಾಡಲು ಸದ್ದಿಲ್ಲದ ಕೆಲಸ ಬೇಕಾದಷ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಔಷಧಿಯ ತಿಳಿವಳಿಕೆಯ ದಾಖಲೆ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಗಡುವು ಹಾಕಿದಾಗ ಎಷ್ಟೋ ಕಡೆ ಅವಸರದಲ್ಲಿ ತುಂಬಿಸಿಟ್ಟ ದಾಖಲೆಗಳಿವೆ. ಅವನ್ನು ತೆರೆಸಿ ಸರಿಪಡಿಸು. ಉಪ್ಪಾಗೆ ಕೊಯ್ಯಲು ಕೊಂಬೆಯನ್ನೇ ಕಡಿಯುವವರು ಯಾರು, ಕೆಳಗೆ ಬಿದ್ದ ಹಣ್ಣು ಆರಿಸುವವರು ಯಾರು, ಸಿಪ್ಪೆ ಒಣಗಿಸಲು ಎಷ್ಟು ಕಟ್ಟಿಗೆ ಉರಿಯುತ್ತದೆ, ಇಂಥವು ಅದರಲ್ಲಿ ಬರಬೇಕು. ಇದಕ್ಕೆ ಸಿದ್ದಿಯರ ಕೇರಿಗೆ, ಕುಣಬಿಯರ ಕೇರಿಗೆ, ಗೌಳಿವಾಡೆಗೆ ಹೋಗಬೇಕು. ನಮ್ಮ ಘಟಕದ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ತೀರ ಕಡಿಮೆ. ಅದನ್ನು ನೀನು ಬದಲಿಸಬೇಕೆಂಬುದು ನನ್ನ ಮನಸ್ಸಿನ ಆಸೆ.

ಅರಣ್ಯ ಅತಿಕ್ರಮಣದ ವಿಷಯ ಬಂದಾಗ ನಿನ್ನ ಮೇಲೆ ಎರಡೂ ಕಡೆಯಿಂದ ಒತ್ತಡ ಬರುತ್ತದೆ. ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಭೂಮಿ ಅರಣ್ಯ. ಅದರೊಳಗೆ ಅಜ್ಜನ ಕಾಲದಿಂದ ಗದ್ದೆ ಉಂಡವರಿದ್ದಾರೆ, ಮೊನ್ನೆ ಬೇಲಿ ಹಾಕಿದವರೂ ಇದ್ದಾರೆ. ಪರಿಸರದವರು ಎಂದರೆ ಬಡವರನ್ನು ಎಬ್ಬಿಸುವವರು ಎಂಬ ಮಾತು ಇಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದವರಿಂದ 75 ವರ್ಷದ ವಾಸದ ಆಧಾರ ಕೇಳುತ್ತದೆ. ಪಟ್ಟೆ, ಪಹಣಿ ಕಾಣದವರು ಎಲ್ಲಿಂದ ತರಬೇಕು? ಊರಿನ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಸ್ವೀಕರಿಸಬಹುದೆಂದು ನಿಯಮದಲ್ಲೇ ಇದೆ. ಅದನ್ನು ಬರೆಸಿಕೊಳ್ಳಲು ನಮ್ಮ ಘಟಕ ಕೈಜೋಡಿಸಲಿ. ಕೇಂದ್ರ ಕಚೇರಿಯಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ಒಪ್ಪಿಸು. ಹಕ್ಕು ಸಿಕ್ಕವನು ತನ್ನ ಮನೆಯ ಹಿಂದಿನ ಕಾಡನ್ನು ಕಾಯುತ್ತಾನೆ. ಇವತ್ತೋ ನಾಳೆಯೋ ಎಬ್ಬಿಸುತ್ತಾರೆಂದು ಹೆದರಿ ಕೂತವನಿಗೆ ಮರ ಉಳಿಸಿ ಎಂದು ಯಾವ ಮುಖದಿಂದ ಹೇಳುವುದು? ಹೊಸದಾಗಿ ಕಾಡು ಸವರುವವರ ವಿಷಯದಲ್ಲಿ ಮಾತ್ರ ಜಾತಿ, ಪಕ್ಷ, ನೆಂಟಸ್ತಿಕೆ ನೋಡಬೇಡ. ಸೊಪ್ಪಿನ ಬೆಟ್ಟವನ್ನು ಬೋಳಿಸಿ ತೋಟ ವಿಸ್ತರಿಸುವವರು ನಮ್ಮ ಸಮಿತಿಯಲ್ಲೇ ಇದ್ದರೂ ಹೇಳಲೇಬೇಕು.

ದುಡ್ಡಿನ ಬಗ್ಗೆ ಸಣ್ಣ ಮಾತು. ಸದಸ್ಯತ್ವದ ವರ್ಗಣಿಯಿಂದಲೇ ಸಭೆ, ಬಸ್ಸು, ಅಂಚೆಯ ಖರ್ಚು ನಡೆಯುವಂತೆ ನೋಡಿಕೋ. ಮಾರ್ಚ್ 31ಕ್ಕೆ ಲೆಕ್ಕ ಕಳಿಸುವಾಗ ರಸೀದಿ ಇಲ್ಲದ ಖರ್ಚು ಒಂದೂ ಇರಬಾರದು. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಲ್ಲ, ನರ್ಸರಿ ಮಾಡಿಕೊಡುತ್ತೇವೆ ಎಂದು ನಿನ್ನ ಹತ್ತಿರವೂ ಬರುತ್ತಾರೆ. ಆ ಕಂಪನಿಯ ಯೋಜನೆ ಜಿಲ್ಲೆಯಲ್ಲಿ ಎಲ್ಲಾದರೂ ಇದ್ದರೆ ಒಂದು ಸಸಿಯನ್ನೂ ತೆಗೆದುಕೊಳ್ಳಬೇಡ. ಆಲಿಕೆ ಸಭೆಯಲ್ಲಿ ಎದ್ದು ನಿಂತಾಗ ನಿನ್ನ ಗಂಟಲು ಕಟ್ಟಬಾರದು.

ನಾವು ಘಟ್ಟದ ಮೇಲಿನವರು ಜಿಲ್ಲೆ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದುಕೊಂಡೇ ಇಷ್ಟು ವರ್ಷ ಘಟಕ ನಡೆಸಿದ್ದೇವೆ. ಘಟ್ಟದ ಕೆಳಗೂ ಜಿಲ್ಲೆ ಇದೆಯಲ್ಲ. ಶಂಕರಹೊಂಡದಲ್ಲಿ ಹುಟ್ಟಿ ಸಮುದ್ರ ಸೇರುವವರೆಗೆ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಕುಮಟಾ ಕಡೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚಿನ ಚಿಪ್ಪು ಹೆಕ್ಕುವ ಹೆಂಗಸರ ಅನ್ನ ಮೇಲಿನಿಂದ ಬರುವ ಸಿಹಿನೀರಿನ ಮೇಲೆ ನಿಂತಿದೆ. ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಮಾಡಹೊರಟಾಗ ಈ ಅಳಿವೆಯನ್ನು ಉಳಿಸಿಕೊಂಡವರು ಅಲ್ಲಿಯ ಜನ. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆಯೂ ಬಂತು. ನಮ್ಮ ಸಮಿತಿಯಲ್ಲಿ ಆ ಹೆಂಗಸರಲ್ಲಿ ಒಬ್ಬರೂ ಇಲ್ಲ. ನಿನ್ನ ಮೊದಲ ಕಾರ್ಯಕಾರಿ ಸಭೆಯನ್ನು ಶಿರಸಿಯಲ್ಲಿ ಕರೆಯಬೇಡ, ಅಘನಾಶಿನಿ ಊರಿನಲ್ಲಿ ಕರೆ. ಸಮಯವನ್ನು ಇಳಿತ ನೋಡಿ ಇಡು, ಅವರ ಒಂದು ದಿನದ ದುಡಿಮೆ ತಪ್ಪಬಾರದು.

ಎಲ್ಲವನ್ನೂ ಒಬ್ಬಳೇ ಹೊತ್ತುಕೊಳ್ಳಬೇಡ ತಂಗೀ. ಪತ್ರಿಕೆಯವರು ಪ್ರತಿ ಸಲ ನಿನ್ನನ್ನೇ ಕೇಳುತ್ತಾರೆ. ಆಯಾ ತಾಲ್ಲೂಕಿನವರ ನಂಬರು ಕೊಡು. ಅಪ್ಪಯ್ಯನ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಸಭೆ ಇಟ್ಟುಕೊಳ್ಳದೆ ಮನೆಗೂ ಹೋಗು. ನಿನ್ನ ಆಯಿಗೆ ನೀನು ಊಟ ಬಿಟ್ಟು ಓಡಾಡುವುದೇ ಚಿಂತೆ, ನನ್ನ ಹತ್ತಿರ ಎರಡು ಸಲ ಹೇಳಿದ್ದಾರೆ.

ಹಳೆಯ ನಡಾವಳಿ ಪುಸ್ತಕಗಳು, ಬೇಡ್ತಿ ಕಾಲದ ಕಾಗದಗಳು ನನ್ನ ಹತ್ತಿರ ಇವೆ. ಚೌತಿ ಕಳೆದ ಮೇಲೆ ಬಾ, ಖಜಾಂಚಿಯನ್ನೂ ಕರೆದುಕೊಂಡು ಬಾ. ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ, ಒಯ್ಯಿರಿ. ಕೆಲವು ಹಾಳೆಗಳಿಗೆ ಗೆದ್ದಲು ಹತ್ತಿದೆ, ಅವನ್ನು ಮೊದಲು ಸ್ಕ್ಯಾನ್ ಮಾಡಿಸಬೇಕು.

ಇತಿ,
ನಿನ್ನ ಅಕ್ಕೋರು