ಚಿಟ್ಟೆಗಿಡದ ಒಂದು ಮಿಶ್ರತಳಿ

ಇಂಗ್ಲೆಂಡಿನ ತೋಟಗಳಲ್ಲಿ ಬಡ್ಲಿಯಾ ಎಂಬ ಪೊದೆಯನ್ನು ಹೂವಿಗಾಗಿ ಬೆಳೆಸುವರು. ಅದರ ಮಧುವಿಗೆ ಚಿಟ್ಟೆಗಳು ಮುತ್ತುವುದರಿಂದ ಚಿಟ್ಟೆಗಿಡವೆಂಬ ಹೆಸರು ರೂಢಿಯಾಗಿದೆ. ಚೀನಾದೇಶದ ಡೇವಿಡಿ ಜಾತಿಯದು ನೇರಳೆ ಬಣ್ಣದ ಉದ್ದವಾದ ತೆನೆ. ದಕ್ಷಿಣ ಅಮೆರಿಕಾದ ಚಿಲಿ ಪ್ರಾಂತದ ಗ್ಲೋಬೋಸ ಜಾತಿಯದು ಕಿತ್ತಳೆ ಬಣ್ಣದ ಚೆಂಡು.

ಡಾರ್ಸೆಟ್ ಸೀಮೆಯ ವಾನ್ ಡಿ ವೇಯರ್ ಎಂಬವರು ಮೊದಲನೆಯ ಮಹಾಯುದ್ಧದ (1914–18) ಕಾಲದಲ್ಲಿ ಈ ಎರಡನ್ನೂ ಕೂಡಿಸಿ ಸಂಕರ ಮಾಡಿದರು. ಮೊದಲ ತಲೆಮಾರಿನ ಗಿಡಗಳಲ್ಲಿ ಹೇಳಿಕೊಳ್ಳತಕ್ಕ ಸೊಬಗೇನೂ ಕಾಣಲಿಲ್ಲ. ಆದರೂ ಅವುಗಳನ್ನು ಕಿತ್ತೊಗೆಯದೆ ಅವುಗಳ ಬೀಜವನ್ನು ಬಿತ್ತಿದ್ದರಿಂದ ಎರಡನೆಯ ತಲೆಮಾರಿನಲ್ಲಿ ಹಳದಿ ಹೂವಿನ ಗಿಡಗಳು ದೊರೆತವು. ತಾಯಿತಂದೆಗಳ ಗುಣಗಳು ಎರಡನೆಯ ತಲೆಮಾರಿನಲ್ಲಿ ಬಿಡಿಬಿಡಿಯಾಗಿ ಹೊರಬೀಳುವುದೆಂಬುದನ್ನು ತಳಿ ಬೆಳೆಸುವವರೆಲ್ಲರೂ ಅರಿತಿರತಕ್ಕದ್ದು. ಈ ತಳಿಯ ಹೂಗಳು ತೆನೆಯೂ ಅಲ್ಲ, ಒಂಟಿ ಚೆಂಡೂ ಅಲ್ಲ. ಚಿಕ್ಕ ಚೆಂಡುಗಳನ್ನು ಪೋಣಿಸಿದಂತೆ ಕಾಣುತ್ತವೆ.

ಇದೇ ಕಾರಣದಿಂದ ಇದರ ಬೀಜವನ್ನು ನಂಬಿ ಗಿಡ ಮಾಡಲಾಗದು. ಹುಟ್ಟಿದ ಸಸಿ ತಾಯಿಯಂತಿರುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅರೆಬಲಿತ ಕೊಂಬೆಯಿಂದ ನಾಲ್ಕೈದು ಅಂಗುಲದ ಕಡ್ಡಿಗಳನ್ನು ತೆಗೆದು, ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಬೆರಸಿದ ಮಣ್ಣಿನಲ್ಲಿ ನೆಟ್ಟು, ನೆರಳಿನಲ್ಲಿ ತೇವ ಆರದಂತೆ ಕಾಪಾಡಿದರೆ ಬೇರುಬಿಡುತ್ತವೆ.

ಬೀಜದ ವಿಷಯದಲ್ಲಿ ಇನ್ನೊಂದು ಮಾತುಂಟು. ಡೇವಿಡಿ ಜಾತಿಯ ಬೀಜಗಳು ಧೂಳಿನಂತೆ ಹಗುರವಾದವು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಕೆಡವಲ್ಪಟ್ಟ ಲಂಡನ್ನಿನ ಮನೆಗಳ ಪಾಳುಗಳಲ್ಲಿಯೂ ರೈಲುದಾರಿಗಳ ಅಂಚಿನಲ್ಲಿಯೂ ಈ ಗಿಡ ತಾನಾಗಿ ಹಬ್ಬಿತು. ಅಂದಕ್ಕೆಂದು ತಂದ ಗಿಡ ಬೇಲಿ ದಾಟಿದರೆ ಆಗುವ ಕಷ್ಟವನ್ನು ಮೈಸೂರು ಸೀಮೆಯ ರೈತರಿಗೆ ವಿವರಿಸಬೇಕಾದುದಿಲ್ಲ: ಹೂವಿಗಾಗಿಯೇ ಹಿಂದೂದೇಶಕ್ಕೆ ಬಂದ ಲಂಟಾನವು ಗೋಮಾಳಗಳನ್ನೂ ಕಾಡನ್ನೂ ನುಂಗಿದೆ. ವೇಯರ್ ತಳಿಯಲ್ಲಿ ಬೀಜ ಕಟ್ಟುವುದು ಡೇವಿಡಿಗಿಂತ ಕಡಿಮೆ. ಹಾಗೆಂದು ಪೂರ್ತಿ ಬಂಜೆಯೆಂದು ಎಣಿಸುವುದು ತಪ್ಪು. ಬಾಡಿದ ಹೂಗೊಂಚಲುಗಳನ್ನು ಆಗಾಗ ಕತ್ತರಿಸುವುದು ಲೇಸು.

ಇದು ಹೊಸ ಚಿಗುರಿನಲ್ಲಿ ಹೂಬಿಡುವ ಗಿಡ. ಆದಕಾರಣ ಅಲ್ಲಿಯ ತೋಟಗಾರರು ಚಳಿ ಕಳೆದ ಮೇಲೆ, ಮಾರ್ಚಿ ತಿಂಗಳಲ್ಲಿ, ಹಳೆಯ ಕೊಂಬೆಗಳನ್ನು ಬುಡದ ಸಮೀಪಕ್ಕೆ ಸವರುವರು. ಗ್ಲೋಬೋಸಕ್ಕೆ ಹೀಗೆ ಮಾಡಿದರೆ ಆ ವರ್ಷದ ಹೂವೇ ಇಲ್ಲ, ಏಕೆಂದರೆ ಅದು ಹಿಂದಿನ ವರ್ಷದ ಕೊಂಬೆಯಲ್ಲಿ ಬಿಡತಕ್ಕದ್ದು. ಸವರಿದ ಕಡ್ಡಿಗಳನ್ನು ತೇವದ ನೆಲದಲ್ಲಿ ಬಿಸುಡಬಾರದು, ಅವೂ ಬೇರುಬಿಡುವುದುಂಟು.