ವಿಕಲಚೇತನರಿಗೆ ಜಲಚಿಕಿತ್ಸೆ

ಬಾವಿಯಿಂದ ನೀರು ಸೇದುವವರಿಗೆಲ್ಲ ಒಂದು ಸಂಗತಿ ಅನುಭವದಿಂದ ತಿಳಿದಿದೆ. ತುಂಬಿದ ಕೊಡವು ನೀರಿನೊಳಗೆ ಇರುವಷ್ಟು ಹೊತ್ತು ಹಗುರವಾಗಿರುತ್ತದೆ. ನೀರಿನಿಂದ ಮೇಲೆ ಬಂದೊಡನೆ ಅದರ ಪೂರ್ಣ ಭಾರ ಹಗ್ಗದ ಮೇಲೆ ಬೀಳುತ್ತದೆ. ಆರ್ಕಿಮಿಡೀಸನ ಹೆಸರಿನಿಂದ ಪ್ರಸಿದ್ಧವಾಗಿರುವ ಈ ತತ್ತ್ವವೇ ಜಲಚಿಕಿತ್ಸೆಯ ತಳಹದಿ. ನೆಲದ ಮೇಲೆ ತನ್ನ ದೇಹದ ಭಾರವನ್ನು ತಾನೇ ಹೊರಲಾರದ ವ್ಯಕ್ತಿಯು ನೀರಿನಲ್ಲಿ ಎದ್ದು ನಿಲ್ಲುವುದು, ಹೆಜ್ಜೆ ಹಾಕುವುದು ಎಷ್ಟೋ ಸಂದರ್ಭಗಳಲ್ಲಿ ಸಾಧ್ಯವಾಗುತ್ತದೆ.

ನಮ್ಮ ದೇಶದಲ್ಲಿ ಜಲಚಿಕಿತ್ಸೆ ಎಂದೊಡನೆ ಪ್ರಕೃತಿ ಚಿಕಿತ್ಸೆಯ ಕಟಿಸ್ನಾನ, ಹಬೆಸ್ನಾನ, ಒದ್ದೆಬಟ್ಟೆಯ ಪಟ್ಟಿ ನೆನಪಿಗೆ ಬರುತ್ತವೆ. ಗಾಂಧೀಜಿಯವರ ಆಸಕ್ತಿಯಿಂದ ಈ ಪದ್ಧತಿ ಜನಪ್ರಿಯವಾಯಿತು. ಇಲ್ಲಿ ವಿವರಿಸಲಾಗುತ್ತಿರುವುದು ಅದಕ್ಕಿಂತ ಭಿನ್ನವಾದುದು: ಬೆಚ್ಚಗಿನ ನೀರಿನ ಕೊಳದಲ್ಲಿ, ಫಿಸಿಯೋಥೆರಪಿ ತಜ್ಞರ ಮೇಲ್ವಿಚಾರಣೆಯಲ್ಲಿ ಮಾಡಿಸುವ ವ್ಯಾಯಾಮ.

ನೀರಿನ ನಾಲ್ಕು ಗುಣಗಳು

ಮೊದಲನೆಯದು ತೇಲಿಸುವ ಗುಣ. ಸೊಂಟದವರೆಗೆ ನೀರಿನಲ್ಲಿ ನಿಂತಾಗ ಕಾಲುಗಳ ಮೇಲೆ ದೇಹದ ಭಾರದ ಸುಮಾರು ಅರ್ಧದಷ್ಟು, ಎದೆಯವರೆಗೆ ನಿಂತಾಗ ಸುಮಾರು ಮೂರನೆಯ ಒಂದು ಭಾಗ, ಕುತ್ತಿಗೆಯವರೆಗೆ ನಿಂತಾಗ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಬೀಳುತ್ತದೆ. ಹೀಗಾಗಿ 60 ಕಿಲೋಗ್ರಾಂ ತೂಕದ ವ್ಯಕ್ತಿಯ ದುರ್ಬಲ ಕಾಲುಗಳು ಎದೆಮಟ್ಟದ ನೀರಿನಲ್ಲಿ ಹೊರಬೇಕಾದುದು ಸುಮಾರು 20 ಕಿಲೋಗ್ರಾಂ ಮಾತ್ರ. ಆಳವನ್ನು ಕ್ರಮೇಣ ಕಡಿಮೆ ಮಾಡುತ್ತ ಕಾಲುಗಳಿಗೆ ಹೆಚ್ಚಿನ ಭಾರವನ್ನು ರೂಢಿ ಮಾಡಿಸಬಹುದು.

ಎರಡನೆಯದು ತಡೆಯುವ ಗುಣ. ಕೈಕಾಲುಗಳನ್ನು ನಿಧಾನವಾಗಿ ಆಡಿಸಿದರೆ ನೀರು ಹೆಚ್ಚು ಅಡ್ಡಿ ಮಾಡುವುದಿಲ್ಲ. ವೇಗ ಹೆಚ್ಚಿದಂತೆ ಅಡ್ಡಿಯೂ ಬಹುವಾಗಿ ಹೆಚ್ಚುತ್ತದೆ. ಆದುದರಿಂದ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ವ್ಯಾಯಾಮವನ್ನು ಮಾಡಬಹುದು. ಸಮತೋಲ ತಪ್ಪಿದರೂ ನೀರಿನಲ್ಲಿ ದೇಹ ನಿಧಾನವಾಗಿ ವಾಲುತ್ತದೆ. ಸಾವರಿಸಿಕೊಳ್ಳಲು ಸಮಯ ದೊರೆಯುತ್ತದೆ. ಬೀಳುವ ಭಯದಿಂದ ಹೆಜ್ಜೆ ಇಡಲು ಹಿಂಜರಿಯುವವರಿಗೆ ಇದು ದೊಡ್ಡ ಆಸರೆ.

ಮೂರನೆಯದು ಒತ್ತಡ. ಸುತ್ತಲಿನ ನೀರು ದೇಹವನ್ನು ಎಲ್ಲ ಕಡೆಯಿಂದಲೂ ಒತ್ತುವುದರಿಂದ ಕಾಲಿನ ಬಾವು ಇಳಿಯಲು ನೆರವಾಗುತ್ತದೆ. ನಾಲ್ಕನೆಯದು ಉಷ್ಣತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಬಿಗಿದ ಸ್ನಾಯುಗಳು ಸಡಿಲಗೊಂಡು ನೋವು ತಗ್ಗುತ್ತದೆ. ತಣ್ಣೀರಿನಲ್ಲಿ ಅವೇ ಸ್ನಾಯುಗಳು ಮತ್ತಷ್ಟು ಬಿಗಿಯಬಹುದು.

ಯಾರಿಗೆ ಉಪಯುಕ್ತ?

ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಸೆಡೆತಿರುವ ಮಕ್ಕಳು, ಪಾರ್ಶ್ವವಾಯು ಪೀಡಿತರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಸಂಧಿವಾತದಿಂದ ಬಳಲುವವರು ಇದರ ಪ್ರಯೋಜನ ಪಡೆಯಬಹುದು. ಭಾರತವು 2014ರ ಮಾರ್ಚ್ 27ರಂದು ಪೋಲಿಯೋಮುಕ್ತವೆಂದು ದೃಢೀಕರಿಸಲ್ಪಟ್ಟಿತು. ಆದರೆ ಬಾಲ್ಯದಲ್ಲಿ ಆ ರೋಗಕ್ಕೆ ತುತ್ತಾದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ವಯಸ್ಸಾದಂತೆ ಅವರಲ್ಲಿ ಹಲವರಿಗೆ ಹೊಸದಾಗಿ ದಣಿವು, ದೌರ್ಬಲ್ಯ ತಲೆದೋರುತ್ತದೆ. ಆಯಾಸವಾಗದಷ್ಟು ಮಿತಿಯಲ್ಲಿ ನೀರಿನ ವ್ಯಾಯಾಮ ಅವರಿಗೂ ಹಿತಕರ.

ಬೆಳೆದುಬಂದ ಬಗೆ

ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ 1921ರಲ್ಲಿ ಪೋಲಿಯೋ ಎಂದು ಗುರುತಿಸಲಾದ ರೋಗದಿಂದ ಕಾಲುಗಳ ಶಕ್ತಿ ಉಡುಗಿತು. 1924ರಲ್ಲಿ ಅವರು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಗೆ ಹೋದರು; 1927ರಲ್ಲಿ ಅಲ್ಲಿ ಪೋಲಿಯೋ ಪೀಡಿತರಿಗಾಗಿ ಒಂದು ಸಂಸ್ಥೆಯನ್ನೇ ಸ್ಥಾಪಿಸಿದರು. ಅವರು ಮುಂದೆ ರಾಷ್ಟ್ರಾಧ್ಯಕ್ಷರಾದರೂ ಆಧಾರವಿಲ್ಲದೆ ನಡೆಯಲು ಕೊನೆಯವರೆಗೂ ಸಾಧ್ಯವಾಗಲಿಲ್ಲ. ನೀರು ಬಲ ನೀಡೀತು, ಉತ್ಸಾಹ ನೀಡೀತು. ನಾಶವಾದ ನರವನ್ನು ಮರಳಿ ನೀಡಲಾರದು ಎಂಬುದಕ್ಕೆ ಇದು ನಿದರ್ಶನ.

1949ರಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ ಅವರು ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಬಾಲಕಿಯರಿಗೆ ಈಜು ಕಲಿಸುತ್ತ ಹತ್ತು ಹಂತಗಳ ವಿಧಾನವೊಂದನ್ನು ರೂಪಿಸಿದರು. ನಮ್ಮ ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಈಜು ಕಲಿಸುವ ರೂಢಿಯುಂಟು. ಹ್ಯಾಲಿವಿಕ್ ವಿಧಾನದಲ್ಲಿ ಅಂತಹ ತೇಲುಸಾಧನವನ್ನು ಬಳಸುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಸಹಾಯಕರು ಜೊತೆಗಿದ್ದು, ನೀರಿಗೆ ಮನಸ್ಸು ಒಗ್ಗಿದ ನಂತರ ಉಸಿರಿನ ಹತೋಟಿ, ದೇಹವನ್ನು ತಿರುಗಿಸುವುದು, ಸಮತೋಲ ಇವುಗಳನ್ನು ಕಲಿಸಿ, ತಮ್ಮ ಆಸರೆಯನ್ನು ಕ್ರಮೇಣ ಹಿಂತೆಗೆದುಕೊಳ್ಳುತ್ತಾರೆ.

ಕರ್ನಾಟಕದ ನಿದರ್ಶನ

ಬೆಂಗಳೂರಿನ ನಿರಂಜನ ಮುಕುಂದನ್ ಅವರು ಬೆನ್ನುಹುರಿಯ ಜನ್ಮಜಾತ ದೋಷವಾದ ಸ್ಪೈನಾ ಬೈಫಿಡಾ ಹಾಗೂ ತಿರುಚಿದ ಪಾದಗಳೊಂದಿಗೆ ಜನಿಸಿದವರು. ಬಾಲ್ಯದಲ್ಲಿ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾದ ಅವರು ವೈದ್ಯರ ಸಲಹೆಯಂತೆ ಕಾಲುಗಳ ಬಲವರ್ಧನೆಗಾಗಿ ನೀರಿಗಿಳಿದರು. ಚಿಕಿತ್ಸೆಯಾಗಿ ಆರಂಭವಾದ ಈಜು ಅವರನ್ನು 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ವರೆಗೆ ಕೊಂಡೊಯ್ದಿತು. ಎಲ್ಲರೂ ಕ್ರೀಡಾಪಟುಗಳಾಗಬೇಕಿಲ್ಲ. ಮಂಚದಿಂದ ಕುರ್ಚಿಗೆ ತಾನೇ ಸರಿಯುವುದು, ಅಂಗಳದವರೆಗೆ ನಡೆದು ಬರುವುದು ಸಾಧ್ಯವಾದರೆ ಅದೂ ಸಾಧನೆಯೇ ಸರಿ.

ಗಮನಿಸಬೇಕಾದ ಎಚ್ಚರಿಕೆಗಳು

ವೈದ್ಯರ ಪರೀಕ್ಷೆಯಿಲ್ಲದೆ ಜಲಚಿಕಿತ್ಸೆಯನ್ನು ಆರಂಭಿಸಬಾರದು. ಜ್ವರ, ತೆರೆದ ಗಾಯ, ಚರ್ಮದ ಅಥವಾ ಮೂತ್ರದ ಸೋಂಕು ಇದ್ದಾಗ ನೀರಿಗಿಳಿಯಕೂಡದು. ಹತೋಟಿಗೆ ಬಾರದ ಮೂರ್ಛೆರೋಗ, ತೀವ್ರ ಹೃದ್ರೋಗ, ಉಸಿರಾಟದ ದೌರ್ಬಲ್ಯ ಇರುವವರಿಗೆ ನೀರಿಗಿಳಿಯುವುದು ಅಪಾಯ ತರಬಹುದು. ಕಾಲುಗಳಲ್ಲಿ ಸ್ಪರ್ಶಜ್ಞಾನವಿಲ್ಲದವರಿಗೆ ಕೊಳದ ತಳ ತರಚಿದರೂ, ನೀರು ಸುಡುವಂತಿದ್ದರೂ ತಿಳಿಯುವುದಿಲ್ಲ. ಅವರ ಪಾದಗಳನ್ನು ಪ್ರತಿಸಲವೂ ಪರೀಕ್ಷಿಸಬೇಕು. ಕೆರೆ, ಬಾವಿ, ಸಮುದ್ರತೀರಗಳು ಈ ಚಿಕಿತ್ಸೆಗೆ ತಕ್ಕ ಸ್ಥಳಗಳಲ್ಲ. ಮಗುವನ್ನು ಒಂದು ಕ್ಷಣವೂ ನೀರಿನಲ್ಲಿ ಒಂಟಿಯಾಗಿ ಬಿಡಬಾರದು.

ಜಲಚಿಕಿತ್ಸೆಯಿಂದ ಅಂಗವೈಕಲ್ಯವನ್ನು ಸಂಪೂರ್ಣ ನಿವಾರಿಸುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು. ನೀರಿನಲ್ಲಿ ಕಲಿತ ಚಲನೆಯನ್ನು ನೆಲದ ಮೇಲೂ ಅಭ್ಯಾಸ ಮಾಡಿದಾಗ ಮಾತ್ರ ಅದು ದಿನಬಳಕೆಗೆ ಒದಗುತ್ತದೆ. ಅಭ್ಯಾಸ ನಿಂತರೆ ಗಳಿಸಿದ್ದೂ ಕರಗುತ್ತದೆ.

ಸೌಲಭ್ಯವೂ ಒಂದು ಹಕ್ಕು

2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಬೆಚ್ಚಗಿನ ನೀರಿನ ಚಿಕಿತ್ಸಾ ಕೊಳಗಳನ್ನು ನಿರ್ಮಿಸಿ ನಡೆಸುವುದು ವೆಚ್ಚದ ಕೆಲಸ. ಆದರೆ ಈಗಾಗಲೇ ಇರುವ ಸಾರ್ವಜನಿಕ ಈಜುಕೊಳಗಳಿಗೆ ಇಳಿಜಾರು ದಾರಿ, ಹಿಡಿಗಂಬಿ, ಜಾರದ ನೆಲ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು ಒದಗಿಸುವುದು ಅಸಾಧ್ಯವೇನಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಕ್ರೀಡಾ ಸೌಲಭ್ಯಗಳನ್ನು ವಿಕಲಚೇತನರಿಗೆ ಅನುಕೂಲವಾಗುವಂತೆ ಮಾರ್ಪಡಿಸಬೇಕೆಂದು ಹೇಳುತ್ತದೆ. ನಗರಸಭೆಗಳು, ಶಾಲೆಗಳು ಮತ್ತು ಸೇವಾಸಂಸ್ಥೆಗಳು ಈ ದಿಶೆಯಲ್ಲಿ ಮುಂದಾಗುವುದು ಅವಶ್ಯಕ. ಪೋಷಕರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನೂ ಫಿಸಿಯೋಥೆರಪಿ ತಜ್ಞರನ್ನೂ ಕಂಡು, ತಮ್ಮ ಮಗುವಿಗೆ ಈ ಚಿಕಿತ್ಸೆ ಸೂಕ್ತವೇ ಎಂಬುದನ್ನು ತಿಳಿದುಕೊಳ್ಳುವುದು ಒಳಿತು.