ಉದರದೊಳಗಿನ ದಾಸೋಹ

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯವು ದೃಢವಾಗಿಲ್ಲದಿದ್ದರೆ ಕಾಯಕವು ಸಾಗದು. ಕಾಯಕವು ಸಾಗದಿದ್ದರೆ ದಾಸೋಹವು ನಿಲ್ಲದು. ದೇಹವನ್ನು ದೇವಾಲಯವಾಗಿ ಕಂಡವರು ಬಸವಣ್ಣನವರು. 12ನೆಯ ಶತಮಾನದ ಶರಣರಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನೂ ಒಬ್ಬನು. ರೋಗ, ಔಷಧಗಳ ಮಾತಿನಿಂದಲೇ ಆತನು ತತ್ತ್ವವನ್ನು ಬೋಧಿಸಿದನು. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಸದ್ಭಕ್ತನು, ಆ ಪ್ರಸಾದವು ಉದರವನ್ನು ಸೇರಿದ ಮೇಲೆ ಯಾರಾರನ್ನು ಪೋಷಿಸುತ್ತದೆ ಎಂಬುದನ್ನು ಅರಿತುಕೊಳ್ಳುವುದು ಯುಕ್ತವಾಗಿದೆ.

ಉಂಡ ಅನ್ನವು ಜಠರದಲ್ಲಿ ಅರೆದು, ಸುಮಾರು 6 ಮೀಟರು ಉದ್ದದ ಸಣ್ಣ ಕರುಳಿನಲ್ಲಿ ಜೀರ್ಣವಾಗಿ, ಅದರ ಸಾರವು ರಕ್ತವನ್ನು ಸೇರುತ್ತದೆ. ಜೀರ್ಣವಾಗದೆ ಉಳಿದ ನಾರಿನ ಅಂಶವು ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡ ಕರುಳಿಗೆ ಇಳಿಯುತ್ತದೆ. ಇದು ನಿಷ್ಪ್ರಯೋಜಕವಾದ ಕಸವೆಂದು ಬಹುಕಾಲ ಜನರು ತಿಳಿದಿದ್ದರು. ಆದರೆ ಅಲ್ಲಿ ಹತ್ತಾರು ಲಕ್ಷ ಕೋಟಿ ಸೂಕ್ಷ್ಮಜೀವಿಗಳು ವಾಸವಾಗಿವೆ. ಮನುಷ್ಯನಿಗೆ ಜೀರ್ಣವಾಗದ ನಾರೇ ಅವುಗಳ ಆಹಾರ. ಅದನ್ನು ಉಂಡು ಅವು ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ಹಿಂದಿರುಗಿಸುತ್ತವೆ. ದೊಡ್ಡ ಕರುಳಿನ ಒಳಪದರಿನ ಕಣಗಳಿಗೆ ಆ ಬ್ಯುಟಿರೇಟೇ ಮುಖ್ಯವಾದ ಆಹಾರ. ಇದನ್ನು ಉದರದೊಳಗಿನ ದಾಸೋಹವೆಂದರೆ ತಪ್ಪಾಗಲಾರದು. ಮನೆಯವನು ಉಣಿಸುತ್ತಾನೆ, ಉಂಡವರು ಮನೆಯನ್ನು ಕಾಯುತ್ತಾರೆ.

ಕಲಬುರಗಿಯ ಶರಣಬಸವೇಶ್ವರರು (1746–1822) ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವು ತೆನೆ ತಿನ್ನಲಿ ಎಂದು ಬಿಟ್ಟು ಕುಡಿಯಲು ನೀರನ್ನೂ ಇರಿಸುತ್ತಿದ್ದರೆಂದು ಪ್ರತೀತಿಯಿದೆ. ಕಣ್ಣಿಗೆ ಕಾಣುವ ಹಕ್ಕಿಗೆ ಪಾಲಿಡುವುದು ದೊಡ್ಡ ಗುಣ. ಕಣ್ಣಿಗೆ ಕಾಣದ ಅತಿಥಿಗಳ ಪಾಲನ್ನು ಮಾತ್ರ ಇಂದಿನ ಗೃಹಸ್ಥನು ತಿಳಿಯದೆಯೇ ಕಿತ್ತುಕೊಳ್ಳುತ್ತಿದ್ದಾನೆ.

ಅದು ಹೇಗೆಂಬುದಕ್ಕೆ ಕಲಬುರಗಿಯ ಅಂಚಿನಲ್ಲಿರುವ ಕಪನೂರವೇ ನಿದರ್ಶನ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಬೇಳೆಯ ಗಿರಣಿಗಳಿವೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ನಾಡಿನ ತೊಗರಿಯು ಇಂತಹ ಗಿರಣಿಗಳಲ್ಲಿ ಸಿಪ್ಪೆ ಕಳೆದುಕೊಂಡು ಬೇಳೆಯಾಗುತ್ತದೆ. ಹೊಟ್ಟು ದನಗಳ ಮೇವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ಇಡೀ ತೊಗರಿಯಲ್ಲಿ ಸುಮಾರು 22 ಗ್ರಾಂ ನಾರಿದೆ. ಬೇಳೆಯಲ್ಲಿ ಸುಮಾರು 9 ಗ್ರಾಂ. ಬೇಳೆಯು ಕೀಳೆಂದು ಇದರ ಅರ್ಥವಲ್ಲ. ಅಷ್ಟು ನಾರು ಉಳಿದಿರುವುದೂ ಒಳ್ಳೆಯದೇ. ಆದರೆ ಜೋಳಕ್ಕೆ ಬದಲಾಗಿ ನುಣ್ಣನೆಯ ಅಕ್ಕಿ, ಮೈದಾಹಿಟ್ಟಿನ ತಿನಿಸುಗಳು ಬಂದಲ್ಲಿ ನಷ್ಟವು ದೊಡ್ಡದಾಗುತ್ತದೆ. ಅದೇ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ, ಮೈದಾದಲ್ಲಿಯೂ ಅಷ್ಟೇ.

ಈ ಲೆಕ್ಕವನ್ನು ಊಟದ ತಾಟಿಗೆ ಅನ್ವಯಿಸಿ ನೋಡಬಹುದು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ಮಾಡಿದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟೆಂದು ಹಿಡಿದರೆ ಮೂರು ಜೋಳದ ರೊಟ್ಟಿಗಳಿಂದ 15 ಗ್ರಾಂ ದೊರೆಯಿತು. ಬೇಳೆ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಅಗಸಿಹಿಂಡಿ ಜೊತೆಗೂಡಿದರೆ ಉಳಿದುದು ತಾನಾಗಿ ತುಂಬುತ್ತದೆ. ಅಷ್ಟೇ ತೂಕದ ಬಿಳಿ ಅಕ್ಕಿಯಿಂದ ದೊರೆಯುವುದು 4 ಗ್ರಾಂ ಮಾತ್ರ. ಪಡಿತರದ ಅಕ್ಕಿಯು ಬಡವರ ಹಸಿವನ್ನು ನೀಗಿದೆ, ಅದನ್ನು ದೂಷಿಸಲಾಗದು. ಆದರೆ ಅದು ಜೋಳವನ್ನು ಅಡಿಗೆಮನೆಯಿಂದ ಹೊರಗೆ ಹಾಕಬಾರದು.

ನಾರಿನ ಪ್ರಮಾಣದಂತೆ ಅದರ ವೈವಿಧ್ಯವೂ ಮುಖ್ಯವಾಗಿದೆ. ಒಂದೊಂದು ಬಗೆಯ ಸೂಕ್ಷ್ಮಜೀವಿಗೆ ಒಂದೊಂದು ಬಗೆಯ ನಾರು ಹಿಡಿಸುತ್ತದೆ. ಈ ತತ್ತ್ವವು ಹಿರಿಯರ ಆಚರಣೆಯಲ್ಲಿಯೇ ಅಡಗಿದೆ. ಕಲಬುರಗಿ, ಕಮಲಾಪುರ, ಬೀದರ ಭಾಗಗಳಲ್ಲಿ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗದೊಡನೆ ಉಣ್ಣುವ ಭಜ್ಜಿಯನ್ನು ನೆನೆಯಬಹುದು. ಹಸಿ ತೊಗರಿ, ಅವರೆ, ಕಡಲೆ, ಮೆಂತೆ, ಗಜ್ಜರಿ, ಬದನೆಕಾಯಿ ಹೀಗೆ ಹತ್ತಾರು ಬೆಳೆಗಳು ಅದರಲ್ಲಿ ಒಂದಾಗುತ್ತವೆ. ಸಿಪ್ಪೆ ಕಳೆಯದ ತೊಗರಿ ತಾಟಿಗೆ ಬರುವುದು ಆಗಲೇ. ವರ್ಷಕ್ಕೊಮ್ಮೆ ಆಗುವ ಈ ಊಟದ ನೀತಿಯು ವಾರಕ್ಕೆರಡು ಸಲ ಮನೆಯ ಪಲ್ಯದಲ್ಲಿಯೂ ಕಾಣಿಸಿಕೊಂಡರೆ ಲೇಸು. ಕಮಲಾಪುರದ ಕೆಂಪು ಬಾಳೆ, ಹೊಲದ ಬಾರಿಹಣ್ಣು, ಪೇರಲ ಮೊದಲಾದ ಊರ ಹಣ್ಣುಗಳನ್ನೂ ಮರೆಯಬಾರದು.

ಅಂದು ಭಜ್ಜಿಯ ಜೊತೆಗೆ ಅಂಬಲಿಯೂ ಇರುವುದಷ್ಟೆ. ಹುಳಿಹಾಲಿನ ಜೀವಾಣುಗಳು ಕರುಳಿಗೆ ಹಿತವೆಂದು, 1908ರಲ್ಲಿ ನೊಬೆಲ್ ಬಹುಮಾನ ಪಡೆದ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ವಾದಿಸಿದ್ದನು. ಹಿಟ್ಟನ್ನು ಹುಳಿ ಬರಿಸಿ ಕುದಿಸಿದಾಗ ಆ ಜೀವಾಣುಗಳು ಸಾಯುತ್ತವೆ. ಅಂಬಲಿಯು ಆರಿದ ಮೇಲೆ ಮನೆಯ ಮಜ್ಜಿಗೆಯನ್ನು ಬೆರೆಸಿದರೆ ಅವು ಜೀವಂತವಾಗಿ ಒಳಗೆ ಹೋಗುತ್ತವೆ. ನೀರನ್ನು ಮಾತ್ರ ಕಾಯಿಸಿ ಆರಿಸಿ ಬಳಸತಕ್ಕದ್ದು; ಕೆಟ್ಟ ನೀರಿನೊಡನೆ ರೋಗಾಣುಗಳೂ ಮನೆಯನ್ನು ಹೊಗುತ್ತವೆ.

ಈ ದಾಸೋಹವು ಸರಿಯಾಗಿ ನಡೆದರೆ ಫಲವೇನು? ಮಲಬದ್ಧತೆಯು ನೀಗುವುದು ಮೊದಲನೆಯ ಫಲ, ಅದೊಂದೇ ಫಲವಲ್ಲ. ರೋಗವನ್ನು ತಡೆಯುವ ಶರೀರದ ಸೇನೆಯ ಬಹುಪಾಲು ಕರುಳಿನ ಗೋಡೆಯಲ್ಲಿಯೇ ಬೀಡುಬಿಟ್ಟಿದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹೆಚ್ಚು ನಾರು ಉಣ್ಣುವವರಲ್ಲಿ ಹೃದ್ರೋಗ, ಸಕ್ಕರೆರೋಗ, ದೊಡ್ಡ ಕರುಳಿನ ಅರ್ಬುದ ಮೊದಲಾದುವು ಕಡಿಮೆ ಉಣ್ಣುವವರಿಗಿಂತ ಶೇಕಡಾ 15ರಿಂದ 30ರಷ್ಟು ಕಡಿಮೆಯಾಗಿ ಕಂಡುಬಂದುವು. ಮನಸ್ಸಿಗೂ ಉದರಕ್ಕೂ ನಂಟಿದೆ. ಅನ್ನನಾಳದಿಂದ ಕೊನೆಯವರೆಗೆ 10 ಕೋಟಿಗೂ ಮಿಕ್ಕಿ ನರಕಣಗಳಿವೆ. ಶರೀರದ ಸೆರೊಟೊನಿನ್ನಿನ ಶೇಕಡಾ 90ರಷ್ಟು ಅಲ್ಲಿಯೇ ಉಂಟಾಗುತ್ತದೆ. ಅದು ನೇರವಾಗಿ ಮೆದುಳನ್ನು ಸೇರದಿದ್ದರೂ ಕರುಳಿನ ಚಲನೆಯನ್ನು ನಡೆಸುತ್ತದೆ; ಕರುಳಿನ ಸುದ್ದಿಯು ನರಗಳ ಮೂಲಕ ಮೆದುಳಿಗೆ ಮುಟ್ಟುತ್ತದೆ. ಚಿಂತೆಯಿಂದ ಹೊಟ್ಟೆ ಕೆಡುವುದನ್ನೂ, ಹೊಟ್ಟೆ ಕೆಟ್ಟಾಗ ಪೂಜೆಯಲ್ಲಿ ಮನಸ್ಸು ನಿಲ್ಲದಿರುವುದನ್ನೂ ಅನುಭವಿಸದವರು ವಿರಳ.

ಏನನ್ನು ಉಣ್ಣಬೇಕೆಂಬುದರಷ್ಟೇ ಹೇಗೆ ಉಣ್ಣಬೇಕೆಂಬುದೂ ಮುಖ್ಯ. ಪ್ರಸಾದವನ್ನು ಚೆಲ್ಲಬಾರದು, ಚೆಲ್ಲಬಾರದೆಂದು ಹೊಟ್ಟೆ ಬಿರಿಯುವಂತೆ ತುಂಬಲೂ ಬಾರದು. ಬೇಕಾದಷ್ಟನ್ನೇ ನೀಡಿಸಿಕೊಳ್ಳುವುದೇ ಎರಡಕ್ಕೂ ಉಪಾಯ. ಸಾವಧಾನವಾಗಿ ಅಗಿದು, ನಿಯತಕಾಲದಲ್ಲಿ, ರಾತ್ರಿ ಬಹಳ ಹೊತ್ತಾಗುವ ಮುನ್ನ ಉಣ್ಣಬೇಕು. ಇಲ್ಲಿ ಮನೆಯ ಹೆಣ್ಣುಮಕ್ಕಳ ಮಾತನ್ನು ಹೇಳಲೇಬೇಕು. ಎಲ್ಲರಿಗೂ ರೊಟ್ಟಿ ಬಡಿದು ನೀಡಿದ ತಾಯಿಯು ಕೊನೆಗೆ ಉಳಿದಷ್ಟು ಅನ್ನ, ಸಾರಿನಿಂದ ತೃಪ್ತಳಾಗುವಳು. ಪಲ್ಯವು ಅವಳ ಪಾಲಿಗೆ ಉಳಿಯುವುದೇ ಅಪರೂಪ. ಮನೆಯೊಳಗಿನ ದಾಸೋಹದಲ್ಲಿ ದಾಸೋಹಿಯೇ ಉಪವಾಸವಿರುವುದು ಶರಣಧರ್ಮಕ್ಕೆ ಒಪ್ಪುವುದಿಲ್ಲ. ಅವಳ ತಾಟನ್ನೂ ಎಲ್ಲರ ಸಾಲಿನಲ್ಲಿಯೇ ಇರಿಸತಕ್ಕದ್ದು.

ಕೆಲವು ಎಚ್ಚರಿಕೆಗಳೂ ಅವಶ್ಯ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುವುದುಂಟು. ಎರಡು ಮೂರು ವಾರಗಳಲ್ಲಿ ಮೆಲ್ಲನೆ ಹೆಚ್ಚಿಸಿ ನೀರನ್ನೂ ಸಾಕಷ್ಟು ಕುಡಿಯಬೇಕು. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳಿಯೇ ಆಹಾರವನ್ನು ಬದಲಿಸತಕ್ಕದ್ದು. ನೆಗಡಿ ಬಂದೊಡನೆ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವವರು ತಮ್ಮ ಒಳಗಿನ ಅತಿಥಿಗಳನ್ನು ಹೊಡೆದಟ್ಟಿದಂತೆಯೇ ಸರಿ; ನೆಗಡಿಗೆ ಅದರಿಂದ ಉಪಯೋಗವೂ ಇಲ್ಲ. ವೈದ್ಯರು ಬರೆದುಕೊಟ್ಟಾಗ ಮಾತ್ರ ಅವರು ಹೇಳಿದಂತೆ ಸೇವಿಸಬೇಕು. ಜೀವಾಣುಗಳನ್ನು ಡಬ್ಬಿಯಲ್ಲಿ ತುಂಬಿ ಸರ್ವರೋಗಕ್ಕೂ ಮದ್ದೆಂದು ಮಾರುವವರ ಮಾತಿಗೆ ಮರುಳಾಗಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ವಾರಗಟ್ಟಲೆ ನಿಲ್ಲದ ಭೇದಿ ಅಥವಾ ಮಲಬದ್ಧತೆ ಕಂಡಲ್ಲಿ ಸಂಕೋಚಪಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಲಜ್ಜೆಯಿಂದ ಮುಚ್ಚಿಟ್ಟ ರೋಗವು ಒಳಗೇ ಬೆಳೆಯುತ್ತದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಬಂದು ಸೇರುತ್ತವೆ. ಇದನ್ನು ಕಂಡ ಭಕ್ತರು ತಮ್ಮ ಊರಿನ ಜಾತ್ರೆ, ಲಗ್ನಗಳ ಪಂಕ್ತಿಯಲ್ಲಿಯೂ ರೊಟ್ಟಿ, ನುಚ್ಚು, ಸೊಪ್ಪಿನ ಪಲ್ಯಗಳಿಗೆ ಗೌರವದ ಸ್ಥಾನ ಕೊಡಬೇಕು. ಬಿಳಿಯ ಅನ್ನವೇ ದೊಡ್ಡಸ್ತಿಕೆಯೆಂಬ ಭ್ರಾಂತಿಯು ಆಗ ತೊಲಗುವುದು. ಜೋಳವು ಬಡತನದ ಗುರುತಲ್ಲ, ಈ ಕರಿಮಣ್ಣಿನ ಪ್ರಸಾದ. ಅದನ್ನು ಹಿಟ್ಟಿನ ತೌಡು ಸಹಿತವಾಗಿ, ಮಿತವಾಗಿ, ಹಂಚಿಕೊಂಡು ಉಣ್ಣುವ ಗೃಹಸ್ಥನ ಮನೆಯಲ್ಲಿ ಹೊರಗಿನ ದಾಸೋಹವೂ ಒಳಗಿನ ದಾಸೋಹವೂ ಏಕಕಾಲದಲ್ಲಿ ನಡೆಯುತ್ತವೆ.